ಯಾರೂ ಕೇಳದ ಬದಲಿ

ಆ ಮನೆಯಲ್ಲಿ ಒಲೆ ಆರುತ್ತಿರಲಿಲ್ಲ. ಉಳಿದವರ ಮನೆಗಳಲ್ಲಿ ಊಟಕ್ಕೊಂದು ಹೊತ್ತು, ನಿದ್ದೆಗೊಂದು ಹೊತ್ತು ಅಂತ ಇದ್ದರೆ ಇಲ್ಲಿ ಎರಡೂ ಎಲ್ಲಾ ಹೊತ್ತಿನಲ್ಲೂ ನಡೆಯುತ್ತಿದ್ದವು. ಒಬ್ಬರು ಕೈ ತೊಳೆದು ಏಳುವಾಗ ಇನ್ನೊಬ್ಬರು ಕೆಲಸದಿಂದ ಬಂದು ತಟ್ಟೆ ಎಳೆದುಕೊಳ್ಳುತ್ತಿದ್ದರು. ಒಬ್ಬರು ಬಿಟ್ಟೆದ್ದ ಹಾಸಿಗೆ ತಣ್ಣಗಾಗುವ ಮುಂಚೆ ಇನ್ನೊಬ್ಬರು ಅದರಲ್ಲಿ ಬಿದ್ದಿರುತ್ತಿದ್ದರು. ಅಮ್ಮ ಒಂದೇ ಬೇಳೆಯನ್ನು ಎಷ್ಟು ಸಲ ಬಿಸಿ ಮಾಡುತ್ತಿದ್ದಳೆಂದರೆ, ಸಂಜೆಯ ಹೊತ್ತಿಗೆ ಅದು ಬೇಳೆಯೋ ಗೋಡೆಗೆ ಬಳಿಯುವ ಗಾರೆಯೋ ಎಂದು ಕಿಡಿ ಕೇಳುತ್ತಿದ್ದ. ಹೊಟ್ಟೆಗೆ ಬಳಿದುಕೋ, ಬಿರುಕು ಮುಚ್ಚುತ್ತೆ ಎಂದು ಅಮ್ಮ ಹೇಳುತ್ತಿದ್ದಳು.

ಕಿಡಿ ಆ ಮನೆಯ ಕಿರಿಮಗ. ಎಂಟನೆಯ ತರಗತಿಯಲ್ಲಿ ಮೇಷ್ಟ್ರ ಜೊತೆ ಜಗಳವಾಡಿ ಚೀಲ ಬಿಸಾಡಿ ಬಂದವನು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಬಡವನ ಕೋಪ ದವಡೆಗೆ ಮೂಲ ಅಂತ ಅಮ್ಮ ಹೇಳಿ ಹೇಳಿ ಸೋತಿದ್ದಳು. ಅವನ ದವಡೆ ಇನ್ನೂ ಗಟ್ಟಿಯಾಗಿತ್ತು.

ಕಿಡಿ, ಅವನ ಅಕ್ಕ, ಅಕ್ಕನ ಗಂಡ, ಮೂವರೂ ದುಡಿಯುತ್ತಿದ್ದುದು ಒಂದೇ ಕಡೆ. ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ ಅದು. ಕಿಡಿ ಗಂಟು ಹೊರುವವನು. ಅಕ್ಕ ಇಸ್ತ್ರಿ ರೋಲರಿನ ಮುಂದೆ ನಿಂತು ಒದ್ದೆ ಹಾಸುಬಟ್ಟೆಗಳನ್ನು ಕಾದ ಉರುಳೆಗಳ ನಡುವೆ ಬಿಡುವವಳು. ಉರುಳೆ ಬಟ್ಟೆಯನ್ನು ಎಳೆದುಕೊಳ್ಳುವ ಹೊತ್ತಿಗೆ ಬೆರಳು ಬಿಡಿಸಿಕೊಳ್ಳಬೇಕು. ಬಟ್ಟೆ ಬಿಡುವ ಹೆಂಗಸರು ಅದಕ್ಕೇ ನಿದ್ದೆಗೆಟ್ಟು ಬರಬಾರದು ಎಂದು ಅಲ್ಲಿ ಎಲ್ಲರಿಗೂ ಗೊತ್ತು. ನಿದ್ದೆ ಕೊಡಬೇಕು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಿರಲಿಲ್ಲ ಅನ್ನುವುದೂ ಸುಳ್ಳು. ಬಾಗಿಲ ಪಕ್ಕದ ಗೋಡೆಗೆ ಕಾನೂನಿನ ಹಲಗೆ ತೂಗುಹಾಕಿದ್ದರು. ಒಂದು ಪಾಳಿ ಮುಗಿಸಿದವರಿಗೆ ಇಷ್ಟು ಗಂಟೆ ಬಿಡುವು ಕೊಡದೆ ಇನ್ನೊಂದು ಪಾಳಿಗೆ ಹಾಕುವಂತಿಲ್ಲ, ಹೆಚ್ಚಿಗೆ ದುಡಿದರೆ ದುಪ್ಪಟ್ಟು ಕೂಲಿ. ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಇನ್ನೊಂದು ಸಾಲು. ಕೆಲಸಗಾರರು ತಮ್ಮತಮ್ಮಲ್ಲಿ ಇಷ್ಟಪಟ್ಟು ಮಾಡಿಕೊಂಡ ಬದಲಿಗೆ ಇದು ಅನ್ವಯಿಸುವುದಿಲ್ಲ ಎಂದು. ಆ ಸಾಲು ಕಾನೂನಿನದಲ್ಲ, ಲಾಂಡ್ರಿಯವರು ತಾವೇ ಸೇರಿಸಿದ್ದು. ಕಿಡಿ ಅದನ್ನು ಮೊದಲ ಸಲ ಓದಿದಾಗ ಜೋರಾಗಿ ನಕ್ಕಿದ್ದ.

"ಅಳಿಯ ಅಲ್ಲ, ಮಗಳ ಗಂಡ ಅಂದಂಗಾಯ್ತು."

ಬದಲಿ ಎಂಬುದು ಆ ಲಾಂಡ್ರಿಯ ಹೆಂಗಸರ ಹಳೆಯ ರೂಢಿ. ಮಗುವಿಗೆ ಜ್ವರ ಬಂದರೆ, ಮನೆಯಲ್ಲಿ ಸಾವಾದರೆ, ಸುಮ್ಮನೆ ಮೈಕೈ ನೋವಾದರೂ ಸರಿ, ಕೈ ತೊಳೆಯುವ ನಲ್ಲಿಯ ಹತ್ತಿರ ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಕೇಳುತ್ತಿದ್ದಳು. ಕೇಳಿಸಿಕೊಂಡವಳು ಆಗಲ್ಲ ಅನ್ನುತ್ತಿರಲಿಲ್ಲ. ನಿನಗೆ ನಾನು ಮಾಡಿದ್ದೆಷ್ಟು, ನನಗೆ ನೀನು ಮಾಡಿದ್ದೆಷ್ಟು ಎಂದು ಲೆಕ್ಕ ಇಟ್ಟವಳನ್ನು ಊಟದ ಬೆಂಚಿನಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳುತ್ತಿರಲಿಲ್ಲ. ಆಡಳಿತದವರು ಈ ರೂಢಿಯನ್ನು ಹೊಸದಾಗಿ ಫೋನಿಗೆ ಏರಿಸಿದ್ದರು. ಬದಲಿ ಬೇಕೆಂದರೆ ಫೋನಿನಲ್ಲಿ ಸಂದೇಶ ಬರುತ್ತದೆ. ಹಸಿರು ಒತ್ತಿದರೆ ಒಪ್ಪಿದಂತೆ, ಕೆಂಪು ಒತ್ತಿದರೆ ಇಲ್ಲ. ಬದಲಿ ಕೇಳಿದವರ ಫೋನಿಗೂ, ಕೇಳಿದ್ದು ನೀವೇ ತಾನೇ ಎಂದು ಬರುತ್ತದೆ, ಅದಕ್ಕೂ ಹಸಿರೇ. ಒಪ್ಪಿ ಮಾಡಿದ ಬದಲಿಗೆ ಬಿಡುವಿನ ಮಾತೂ ಇಲ್ಲ, ದುಪ್ಪಟ್ಟು ಕೂಲಿಯ ಮಾತೂ ಇಲ್ಲ.

ಅದೇ ದಿನಗಳಲ್ಲಿ ಭಾವ ಸೂಪರ್‌ವೈಸರ್ ಆದ. ಗಂಟು ಹೊತ್ತು ಹೊತ್ತು ಬೆನ್ನು ಬಾಗಿದ್ದವನಿಗೆ ಪಾಳಿ ಹಂಚುವ ಕೆಲಸ ಸಿಕ್ಕಿತು. ಅಮ್ಮನಿಗೆ ಹಿಗ್ಗೋ ಹಿಗ್ಗು. ಮನೆ ಅಳಿಯ ಅಂತ ಬೀದಿಯವರು ಆಡಿಕೊಂಡದ್ದಕ್ಕೆಲ್ಲ ಬಾಯಿ ಮುಚ್ಚಿಸಿದಂತಾಯಿತು. ಕಿಟಕಿಯ ಹತ್ತಿರದ ಕುರ್ಚಿ ಅವನದಾಯಿತು, ಮೊಟ್ಟೆ ಒಂದಿದ್ದರೆ ಅದು ಅವನ ತಟ್ಟೆಗೆ ಬಿತ್ತು. ಕಿಡಿ ಎರಡು ದಿನ ಸುಮ್ಮನಿದ್ದು ಆಮೇಲೆ ಕೋಳಿಯೂ ಭಾವನ ಪಾಳಿಗೇ ಮೊಟ್ಟೆ ಇಡುತ್ತಾ ಎಂದು ಕೇಳಿದ. ಭಾವ ನಕ್ಕು ಅರ್ಧ ಮುರಿದು ಕೊಟ್ಟ. ಭಾವ ಕೆಟ್ಟವನಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾತಿಯವನು. ಅಂಥವರ ಕೈಗೇ ಯಾವಾಗಲೂ ಕೋಲು ಕೊಡುತ್ತಾರೆ.

ಕೆಲವು ವಾರ ಕಳೆಯುವುದರೊಳಗೆ ಮನೆಯ ಬಣ್ಣ ಬದಲಾಯಿತು. ಬಿಟ್ಟುಹೋದವರ ಜಾಗಕ್ಕೆ ಲಾಂಡ್ರಿಯವರು ಹೊಸಬರನ್ನು ತೆಗೆದುಕೊಳ್ಳಲಿಲ್ಲ. ಬಟ್ಟೆ ಮಾತ್ರ ಕಡಿಮೆಯಾಗಲಿಲ್ಲ. ಖಾಲಿ ಬಿದ್ದ ಪಾಳಿಗೆ ಬೇರೆಯವರನ್ನು ಹಾಕಿದರೆ ಕೂಗಾಡುತ್ತಾರೆ, ಮನೆಯವರಾದರೆ ಸುಧಾರಿಸಿಕೊಂಡು ಹೋಗುತ್ತಾರೆ ಎಂದು ಭಾವ ಅಕ್ಕನನ್ನೇ ಮತ್ತೆ ಮತ್ತೆ ಹಾಕಿದ. ಸಂಜೆ ಪಾಳಿ ಮುಗಿಸಿ ಬಂದವಳು ಬೆಳಕು ಹರಿಯುವ ಮುಂಚೆ ಮತ್ತೆ ಹೋದಳು. ಯಾರದೋ ಬದಲಿ ಅಂತೆ. ಅವರು ಕೇಳಿದ್ದರಂತೆ. ಅಕ್ಕ ತಲೆ ಬಾಚಿಕೊಳ್ಳುವುದನ್ನು ಬಿಟ್ಟಳು, ಆಮೇಲೆ ಮಾತಾಡುವುದನ್ನು ಬಿಟ್ಟಳು. ಒಂದು ದಿನ ತುತ್ತು ಬಾಯಿಗಿಟ್ಟುಕೊಂಡು ಅಗಿಯುತ್ತಲೇ ನಿದ್ದೆ ಹೋದಳು. ಅಮ್ಮ ಅವಳ ಬಾಯೊಳಗಿನ ಅನ್ನವನ್ನು ಬೆರಳಿನಿಂದ ತೆಗೆದು ಮಲಗಿಸಿದಳು.

ಮಲಗಿಸಿದರೆ ಫೋನು ಬಿಡಬೇಕಲ್ಲ. ದಿಂಬಿನ ಪಕ್ಕದಲ್ಲಿ ಅದು ಗುರ್ರೆನ್ನುತ್ತಿತ್ತು. ಅಮ್ಮ ಓಡಿ ಬಂದು, ಕಣ್ಣು ಕಿರಿದು ಮಾಡಿಕೊಂಡು, ಹಸಿರನ್ನು ಹುಡುಕಿ ಒತ್ತುತ್ತಿದ್ದಳು. ಫೋನು ಸುಮ್ಮನಾಗುತ್ತಿತ್ತು. ಯಾರು ಕಲಿಸಿದರಮ್ಮ ನಿಂಗೆ ಇದನ್ನೆಲ್ಲ ಎಂದು ಕಿಡಿ ಒಮ್ಮೆ ಕೇಳಿದ. ಅಳಿಯಂದಿರು ಎಂದಳು ಅಮ್ಮ, ಹೆಮ್ಮೆಯಿಂದ. ಕೂಗಿದರೆ ಹಸಿರು ಒತ್ತಿಬಿಡಿ ಅತ್ತೆ, ಸುಮ್ಮನಾಗುತ್ತೆ, ಪಾಪ ಅವಳು ಮಲಗಲಿ ಅಂದಿದ್ದರಂತೆ. ಕಿಡಿ ನಕ್ಕು, ನಮ್ಮಮ್ಮನಿಗೂ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿತು ಎಂದು ಹೇಳಿ ಸ್ನಾನಕ್ಕೆ ಹೋದ.

ಒಂದು ಮಧ್ಯಾಹ್ನ, ನಾಲ್ವರೂ ಹೇಗೋ ಒಟ್ಟಿಗೆ ಊಟಕ್ಕೆ ಕೂತಿದ್ದಾಗ, ಅಕ್ಕ ತಟ್ಟೆಯಿಂದ ತಲೆ ಎತ್ತದೆ ಮಾತಾಡಿದಳು.

"ರೀ, ಇನ್ಮೇಲೆ ಒಂದಾದ್ಮೇಲೆ ಒಂದು ಶಿಫ್ಟ್ ನಂಗೆ ಹಾಕ್ಬೇಡಿ. ಉರುಳೆ ನಂಗೆ ಎರಡೆರಡು ಕಾಣ್ತಿದೆ."

ಭಾವ ತುಪ್ಪದಂಥ ದನಿಯಲ್ಲಿ, ಹಾಕುವವನು ನಾನಲ್ಲ, ನಿನ್ನ ಜೊತೆಯವರೇ ಕೇಳುತ್ತಿದ್ದಾರೆ, ನಿನ್ನ ಒಪ್ಪಿಗೆ ಇದೆ ಎಂದ. ಒಪ್ಪಿಗೆ ಯಾರು ಕೊಟ್ಟರು ಎಂದು ಅಕ್ಕ ಕೇಳಲಿಲ್ಲ. ಕೇಳುವಷ್ಟು ಎಚ್ಚರ ಅವಳಲ್ಲಿ ಉಳಿದಿರಲಿಲ್ಲ. ಕಿಡಿ ಮಾತ್ರ ಲೋಟ ಕುಕ್ಕಿದ. ಹೆಂಡತೀನ ಒಗೆಯೋ ಮಷೀನಿಗೆ ಹಾಕಿ ತಿರುಗಿಸೋ ಕೆಲಸಕ್ಕೆ ಸಂಬಳ ಎಷ್ಟು ಕೊಡ್ತಾರೆ ಭಾವ ಎಂದು ಕೇಳಿದ. ಅಮ್ಮ ಬೈದಳು. ಭಾವ ಊಟ ಬಿಟ್ಟು ಎದ್ದ. ಆದರೂ ಆಮೇಲೆ ಬಾಗಿಲ ಹತ್ತಿರ ನಿಂತು, ಆಯ್ತು, ಇನ್ನು ನಿನಗೆ ಹಾಕಲ್ಲ ಎಂದು ಹೇಳಿಯೇ ಹೋದ.

ಹೇಳಿದಂತೆ ನಡೆದುಕೊಂಡ. ಒಂದು ಬೆಳಿಗ್ಗೆ ಅಕ್ಕ ಗಾಬರಿಯಿಂದ ಎದ್ದು ಸೆರಗು ಸರಿ ಮಾಡಿಕೊಳ್ಳುತ್ತಿದ್ದಾಗ ಅಮ್ಮ ತಡೆದಳು. ಇವತ್ತು ನಿನಗೆ ಬಿಡುವಂತೆ, ಅಳಿಯಂದಿರು ಫೋನ್ ಮಾಡಿ ಹೇಳಿದರು, ಮಲಗು. ಅಕ್ಕ ನಿಂತಲ್ಲೇ ಕಣ್ಣು ಮುಚ್ಚಿ, ಗೋಡೆ ಹಿಡಿದುಕೊಂಡು ಹಾಸಿಗೆಗೆ ಮರಳಿದಳು. ಎಷ್ಟೋ ವಾರಗಳ ಮೇಲೆ ಅವಳು ಗೊರಕೆ ಹೊಡೆದು ಮಲಗಿದ್ದು ಅಂದೇ.

ಅದೇ ಬೆಳಿಗ್ಗೆ ಲಾಂಡ್ರಿಯಲ್ಲಿ ಹಾಡಕ್ಕನ ಬಲಗೈ ರೋಲರಿಗೆ ಸಿಕ್ಕಿತು.

ಹಾಡಕ್ಕ ಎಂದರೆ ಅಕ್ಕನ ಜೋಡಿ. ಬಟ್ಟೆಯ ಒಂದು ತುದಿ ಅಕ್ಕ ಹಿಡಿದರೆ ಇನ್ನೊಂದು ತುದಿ ಅವಳದು. ಅಕ್ಕನಿಗಿಂತ ತುಂಬಾ ದೊಡ್ಡವಳು, ಮಕ್ಕಳು ಮರಿ ಇಲ್ಲದವಳು. ಉರುಳೆಯ ಸದ್ದಿಗೆ ತಾಳ ಹಾಕಿಕೊಂಡು ಏನಾದರೂ ಗುನುಗುತ್ತಲೇ ಇರುತ್ತಿದ್ದವಳು. ಅಂದು ರಾತ್ರಿ ಪಾಳಿ ಮುಗಿಸಿ ಚಪ್ಪಲಿ ಮೆಟ್ಟುತ್ತಿದ್ದವಳನ್ನು ಭಾವ ಕರೆದು ನಿಲ್ಲಿಸಿದ್ದ. ಅವಳು ಬೆಳಗಿನ ಪಾಳಿಗೂ ನಿಂತಳು. ನಿಂತೇ ಕಣ್ಣು ಹತ್ತಿತು. ಬಟ್ಟೆಯ ಜೊತೆ ಬೆರಳೂ ಹೋದವು. ಕಿಡಿ ಗಂಟು ಬಿಸಾಕಿ ಓಡಿಬಂದಾಗ ಯಾರೋ ಯಂತ್ರ ನಿಲ್ಲಿಸಿದ್ದರು, ಹಾಡಕ್ಕ ಕೂಗದೆ, ತನ್ನ ಕೈ ಯಾರದೋ ಎಂಬಂತೆ ನೋಡುತ್ತ ನಿಂತಿದ್ದಳು. ಕಿಡಿಯೇ ಅವಳನ್ನು ಎತ್ತಿಕೊಂಡು ವ್ಯಾನಿನವರೆಗೆ ಹೊತ್ತ. ಮೂರು ಬೆರಳು ಉಳಿಯಲಿಲ್ಲ.

ಸಂಜೆ ಭಾವ ಮನೆಗೆ ಬಂದಾಗ ಮುಖ ಬಿಳುಚಿತ್ತು. ಅಕ್ಕ ಅತ್ತು ಅತ್ತು ಕೂತಿದ್ದಳು. ಅವನು ಅವಳ ಎದುರು ನೆಲದ ಮೇಲೇ ಕೂತು ಹೇಳಿದ. ಕಾರ್ಮಿಕ ಇಲಾಖೆಯಿಂದ ವಿಚಾರಣೆಗೆ ಬರುತ್ತಾರೆ. ಕೇಳಿದರೆ, ನನಗೆ ಮೈ ಸರಿ ಇರಲಿಲ್ಲ, ಹಾಡಕ್ಕನ ಹತ್ತಿರ ನಾನೇ ಬದಲಿ ಕೇಳಿದೆ ಅಂತ ಹೇಳು. ಅಷ್ಟು ಹೇಳಿದರೆ ಅದು ಹೆಂಗಸರ ನಡುವಿನ ವ್ಯವಹಾರ ಆಗಿಬಿಡುತ್ತೆ. ಮ್ಯಾನೇಜರ್ ಅವಳಿಗೆ ಏನೋ ಸಹಾಯ ಮಾಡುತ್ತಾರೆ.

"ನಾನು ಕೇಳೇ ಇಲ್ಲವಲ್ಲ," ಎಂದಳು ಅಕ್ಕ.

"ಫೋನ್‌ನಲ್ಲಿ ನೀನೇ ಕೇಳಿದ್ದೀಯ. ಹಸಿರು ಒತ್ತಿದ್ದೀಯ."

"ಎಷ್ಟು ಹೊತ್ತಿಗೆ?"

ಭಾವ ಹೇಳಿದ. ಆ ಹೊತ್ತಿಗೆ ಅಕ್ಕ ಮಲಗಿದ್ದಳು. ಒಲೆಯ ಮುಂದೆ ಬೇಳೆ ಕದಡುತ್ತಿದ್ದ ಅಮ್ಮನ ಕೈ ನಿಂತಿತು. ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಅವಳು ಹೊರಳಿ ಅಳಿಯನನ್ನು ನೋಡಿದಳು.

"ನಾನು ಒತ್ತಿದ್ದು ಸದ್ದು ನಿಲ್ಲಿಸೋಕೆ. ನೀವು ಹಾಗೇ ಅಲ್ವಾ ಹೇಳಿಕೊಟ್ಟಿದ್ದು?"

ಕಿಡಿಗೆ ಎಲ್ಲವೂ ಒಟ್ಟಿಗೆ ಹೊಳೆದು ಮೈಯೆಲ್ಲ ಉರಿಯಿತು. ಅಷ್ಟೂ ದಿನ ಅಕ್ಕನನ್ನು ನಿದ್ದೆಯಿಂದ ಎಬ್ಬಿಸಬಾರದೆಂದು ಅಮ್ಮ ಒತ್ತಿದ ಒಂದೊಂದು ಹಸಿರೂ ಅಕ್ಕನ ಮುಂದಿನ ನಿದ್ದೆಯನ್ನು ಕಿತ್ತುಕೊಂಡಿತ್ತು. ಕೊನೆಯ ಹಸಿರು ಹಾಡಕ್ಕನ ಕೈಯನ್ನು. ಅವನು ಭಾವನ ಅಂಗಿಯ ಕೊರಳು ಹಿಡಿದು ಎತ್ತಿದ. ಅಮ್ಮ ನಡುವೆ ಬಂದಳು. ಹೊಡೆದರೆ ಹೊಡಿ, ಭಾವ ಹೇಳಿದ, ನಾಳೆ ನನ್ನ ಜಾಗದಲ್ಲಿ ನಿಂತು ನೋಡು. ಎಂಟು ಜನ ಬೇಕಾದ ಕಡೆ ಐವರನ್ನು ಕೊಟ್ಟು, ಬಟ್ಟೆ ನಿಂತರೆ ನಿನ್ನ ತಲೆ ಅಂತಾರೆ. ಹೇಗೆ ಮಾಡಲಿ ಎಂದು ಕೇಳಿದರೆ, ಬದಲಿ ಇದೆಯಲ್ಲ, ಯಾರೂ ಕೇಳದಿದ್ದರೆ ನೀನೇ ಕೇಳಿಸು ಎಂದು ಹೇಳಿಕೊಟ್ಟವನು ಮ್ಯಾನೇಜರ್. ಪಾಳಿ ಹಂಚುವವರೆಲ್ಲ ಹೀಗೇ ಮಾಡುತ್ತಿದ್ದಾರೆ.

"ಅದನ್ನ ಅವರ ಮುಂದೆ ಹೇಳಿ," ಎಂದ ಕಿಡಿ.

"ಹೇಳಿದರೆ ನಾಳೆ ಈ ಒಲೆ ಮೇಲೆ ಏನಿಡ್ತೀರಿ?"

ಅಂದು ಯಾರೂ ಊಟ ಮಾಡಲಿಲ್ಲ. ಬೇಳೆ ತಳ ಹಿಡಿದು ಮನೆಯೆಲ್ಲ ಸೀದ ವಾಸನೆ ಹಬ್ಬಿತು.

ಮಾರನೆಯ ದಿನ ಅಕ್ಕ, ಕಿಡಿ ಇಬ್ಬರೂ ಆಸ್ಪತ್ರೆಗೆ ಹೋದರು. ಹಾಡಕ್ಕ ಮಲಗಿದ್ದ ಹಾಸುಬಟ್ಟೆ ಅವರದೇ ಲಾಂಡ್ರಿಯಲ್ಲಿ ಇಸ್ತ್ರಿಯಾದದ್ದು. ಮಡಿಕೆ ನೋಡಿದರೆ ಕಿಡಿಗೆ ಗೊತ್ತಾಗುತ್ತಿತ್ತು. ಅಕ್ಕ ಹೇಳಬೇಕೆಂದುಕೊಂಡು ಬಂದ ಮಾತು ಬಾಯಿಯಲ್ಲೇ ಇತ್ತು. ಅಷ್ಟರಲ್ಲಿ ಹಾಡಕ್ಕ ಎಡಗೈಯಿಂದ ಅವಳ ತಲೆ ನೇವರಿಸಿದಳು.

"ಅಳಬೇಡ ಮಗಳೇ. ನಿಂಗೆ ಹುಷಾರಿಲ್ಲ, ನೀನು ಕೇಳಿದೆ ಅಂದ ನಿನ್ನ ಗಂಡ. ನೀನು ಯಾವತ್ತೂ ಬಾಯಿಬಿಟ್ಟು ಕೇಳೋಳಲ್ಲ. ಕೇಳಿದ್ದೀಯ ಅಂದ್ಮೇಲೆ ಎಷ್ಟು ಕಷ್ಟ ಇದ್ದಿರಬೇಕು ಅಂತ ನಿಂತೆ. ನಂಗೇನೂ ಬೇಜಾರಿಲ್ಲ."

ಅಕ್ಕನಿಗೆ ಅದು ನುಂಗಲಾರದ ತುತ್ತಾಯಿತು. ಈ ಹೆಂಗಸು ಬೆರಳು ಕಳೆದುಕೊಂಡೂ ನೆಮ್ಮದಿಯಾಗಿದ್ದಳು. ತನ್ನವಳೊಬ್ಬಳಿಗೆ ಆಸರೆಯಾದೆ ಎಂಬ ನೆಮ್ಮದಿ ಅದು. ಅದೂ ಸುಳ್ಳು ಎಂದು ಹೇಗೆ ಹೇಳುವುದು? ಹೇಳದೆ ಬಂದಳು. ದಾರಿಯುದ್ದಕ್ಕೂ ಕಿಡಿ ಬೈದ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಬೈದ. ಯಾರನ್ನು ಬೈಯುತ್ತಿದ್ದೇನೆ ಎಂಬುದು ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ.

ವಿಚಾರಣೆ ಲಾಂಡ್ರಿಯ ಊಟದ ಕೋಣೆಯಲ್ಲೇ ನಡೆಯಿತು. ಬೆಂಚುಗಳನ್ನು ಗೋಡೆಗೆ ಸರಿಸಿ ಒಂದು ಮೇಜು ಹಾಕಿದ್ದರು. ಇಲಾಖೆಯಿಂದ ಬಂದ ಅಧಿಕಾರಿ ದಪ್ಪ ಕನ್ನಡಕದ ಹೆಂಗಸು. ಅವರ ಪಕ್ಕದಲ್ಲಿ ಮ್ಯಾನೇಜರ್ ಕೂತು ತಾನೇ ಅಧಿಕಾರಿ ಎಂಬಂತೆ ಎಲ್ಲರಿಗೂ ಚಹಾ ತರಿಸಿದ. ಅಮ್ಮನೂ ಬಂದಿದ್ದಳು. ಹಸಿರು ಒತ್ತಿದ ಬೆರಳು ನನ್ನದು, ನಾನೂ ಬರ್ತೀನಿ ಎಂದು ಹಟ ಹಿಡಿದು, ಮಂಡಿ ನೋವಿನಲ್ಲೂ ಮೆಟ್ಟಿಲು ಹತ್ತಿದ್ದಳು.

ಹಾಡಕ್ಕನ ಹತ್ತಿರ ನೀವು ಬದಲಿ ಕೇಳಿದಿರಾ ಎಂದು ಅಧಿಕಾರಿ ಕೇಳಿದರು. ಭಾವ ಕಿಟಕಿಯ ಹತ್ತಿರ ನಿಂತು ಹೆಂಡತಿಯ ಬೆನ್ನನ್ನೇ ನೋಡುತ್ತಿದ್ದ.

"ಇಲ್ಲ. ನಾನು ನಿದ್ದೆ ಮಾಡ್ತಿದ್ದೆ. ನಿದ್ದೆ ಮಾಡೋರು ಹೇಗೆ ಕೇಳ್ತಾರೆ ಮೇಡಂ?"

ಅಮ್ಮ ಮುಂದೆ ಬಂದು ತಾನು ಹೇಗೆ ಒತ್ತುತ್ತಿದ್ದೆ ಎಂದು ಗಾಳಿಯಲ್ಲೇ ಬೆರಳಿಟ್ಟು ತೋರಿಸಿದಳು. ಮ್ಯಾನೇಜರ್‌ಗೆ ನಗು ಬಂತು. ಕೆಲಸಗಾರರು ತಮ್ಮ ಫೋನನ್ನು ಮನೆಯವರ ಕೈಗೆ ಕೊಡುವುದು ನಿಯಮಕ್ಕೆ ವಿರುದ್ಧ ಮೇಡಂ, ಇದೂ ಬರೆದುಕೊಳ್ಳಿ ಎಂದ. ಕಿಡಿ ಎರಡು ಹೆಜ್ಜೆ ಮುಂದೆ ಇಟ್ಟ. ಅಕ್ಕ ಹಿಂದಿರುಗಿ ನೋಡದೆ ಕೈಯಿಂದಲೇ ಅವನನ್ನು ತಡೆದಳು. ಹಾಗಾದರೆ ನಿಮ್ಮ ಹೆಸರಿನಲ್ಲಿ ಬದಲಿ ಕೇಳಿದವರು ಯಾರು ಎಂದು ಅಧಿಕಾರಿ ಕೇಳಿದರು.

"ಇವರು," ಎಂದಳು ಅಕ್ಕ. "ನನ್ನ ಗಂಡ."

ಮ್ಯಾನೇಜರ್ ಅದಕ್ಕೇ ಕಾದಿದ್ದವನಂತೆ ಮಾತೆತ್ತಿದ. ಸೂಪರ್‌ವೈಸರ್ ತನ್ನಿಷ್ಟದಂತೆ ನಡೆದುಕೊಂಡಿದ್ದಾನೆ, ಆಡಳಿತಕ್ಕೆ ಇದರ ಸುಳಿವೇ ಇಲ್ಲ, ಇಂಥವರನ್ನು ನಾವು ಇಟ್ಟುಕೊಳ್ಳುವುದಿಲ್ಲ. ಭಾವ ಬಾಯಿ ತೆರೆದ. ಅಧಿಕಾರಿ ಅವನ ಕಡೆ ನೋಡಿದರು. ಮ್ಯಾನೇಜರೂ ನೋಡಿದ. ಭಾವ ಬಾಯಿ ಮುಚ್ಚಿದ. ಗಾಯಗೊಂಡ ಹೆಂಗಸು ಮನೆಗೆ ಬಂದ ಮೇಲೆ ಇನ್ನೊಮ್ಮೆ ಕೂರುತ್ತೇವೆ ಎಂದು ಅಧಿಕಾರಿ ಎದ್ದರು. ಭಾವನ ಕೆಲಸ ಸಂಜೆಯೊಳಗೆ ಹೋಯಿತು.

ಮರುದಿನ ಮ್ಯಾನೇಜರ್ ಕಿಡಿಯನ್ನು ಕೋಣೆಗೆ ಕರೆಸಿದ. ನೀನು ಜೋರಿನ ಹುಡುಗ, ನಾಲ್ಕು ಜನ ನಿನ್ನ ಮಾತು ಕೇಳುತ್ತಾರೆ, ನಿಮ್ಮ ಮನೆಗೂ ಈಗ ಕಷ್ಟ, ನಾಳೆಯಿಂದ ಪಾಳಿ ಹಂಚುವ ಕೆಲಸ ನೀನೇ ನೋಡಿಕೋ ಎಂದ. ಕಿಡಿ ಆಸ್ಪತ್ರೆಯ ಕೊಳೆಬಟ್ಟೆಯ ಗಂಟನ್ನು ಹೆಗಲಿನಿಂದ ಇಳಿಸಿರಲಿಲ್ಲ.

"ಜನ ಎಷ್ಟು ಕೊಡ್ತೀರಿ?"

"ಇರೋರಲ್ಲೇ ಹೊಂದಿಸ್ಕೋ."

ಕಿಡಿ ಗಂಟನ್ನು ಮ್ಯಾನೇಜರ್‌ನ ಮೇಜಿನ ಮೇಲೆ ಇಳಿಸಿದ. ಗಂಟು ಬಿಚ್ಚಿಕೊಂಡು ಚಹಾದ ಬಟ್ಟಲಿನ ಮೇಲೆ ಹರಡಿತು. ಹೊಂದಿಸೋದಕ್ಕೆ ಮೊದಲು ಇದನ್ನ ಒಗೀರಿ ಸಾರ್ ಎಂದು ಹೇಳಿ ಹೊರಬಂದ. ಆ ವಾರದ ಕೂಲಿಯಲ್ಲಿ ಅರ್ಧ ಹಿಡಿದರು.

ಮನೆಯಲ್ಲಿ ಭಾವ ಕಿಟಕಿಯ ಕುರ್ಚಿಯಲ್ಲಿ ಕೂರುವುದನ್ನು ಬಿಟ್ಟಿದ್ದ. ಬಾಗಿಲ ಮೂಲೆಯಲ್ಲಿ ಗೋಡೆಗೊರಗಿ ಕೂರುತ್ತಿದ್ದ, ಕರೆದರೆ ಉಣ್ಣುತ್ತಿದ್ದ. ಅಮ್ಮ ಅವನಿಗೆ ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಅವನನ್ನು ಹೊರಗೆ ಹಾಕು ಎಂದು ಕಿಡಿ ಹೇಳಿದ್ದಕ್ಕೆ, ಹೊರಗೆ ಹಾಕಿದರೆ ಅವನು ಸುಮ್ಮನಿರೋದು ಇನ್ನೂ ಸುಲಭ ಆಗುತ್ತೆ ಎಂದಳು ಅಕ್ಕ. ಎರಡನೆಯ ವಿಚಾರಣೆಯ ದಿನ ಗೊತ್ತಾದ ಮೇಲೆ ಅವಳೇ ಗಂಡನ ಮುಂದೆ ನಿಂತಳು. ಮ್ಯಾನೇಜರ್ ಹೇಳಿಕೊಟ್ಟಿದ್ದು ಅಲ್ಲಿ ಹೇಳಬೇಕು ಎಂದಳು.

"ಕೆಲಸ ಹೋದ್ಮೇಲೆ ಹೇಳಿದ್ರೆ ಯಾರು ನಂಬ್ತಾರೆ?"

"ಕೆಲಸ ಇದ್ದಾಗ ಹೇಳಿದ್ರೆ ನಂಬ್ತಿದ್ರು. ಆದ್ರೂ ಹೇಳಿ. ಅಲ್ಲಿ ಆಮೇಲೆ. ಮೊದಲು ಹಾಡಕ್ಕನ ಮನೆಗೆ ಹೋಗಿ. ನಂಗೆ ಹೇಳೋಕಾಗಲಿಲ್ಲ. ಅದು ನೀವು ಹೇಳ್ಬೇಕಾದ್ದು."

ಭಾವ ಒಬ್ಬನೇ ಹೋದರೆ ಅರ್ಧ ದಾರಿಯಲ್ಲಿ ಬಸ್ಸಿಳಿದುಬಿಡುತ್ತಾನೆ ಎಂದು ಕಿಡಿಯೂ ಜೊತೆಗೆ ಹೋದ. ಹಾಡಕ್ಕನದು ಒಂದೇ ಕೋಣೆಯ ಮನೆ. ಅವಳು ಎಡಗೈಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಪಾತ್ರೆ ಜಾರಿ ಜಾರಿ ಬೀಳುತ್ತಿತ್ತು. ಬಲಗೈಗೆ ಸುತ್ತಿದ ಪಟ್ಟಿಯ ತುದಿ ನೆನೆದಿತ್ತು. ಬನ್ನಿ ಎಂದು ಚಾಪೆ ಹಾಸಲು ಹೋದಳು. ಕಿಡಿಯೇ ಹಾಸಿದ.

ಭಾವ ಕೂರಲಿಲ್ಲ. ಹೊಸ್ತಿಲ ಒಳಗೆ ನಿಂತು, ತಡವರಿಸುತ್ತ, ಎಲ್ಲವನ್ನೂ ಹೇಳಿದ. ಅಕ್ಕ ಮಲಗಿದ್ದಳು, ಕೇಳಿಯೇ ಇರಲಿಲ್ಲ, ಅವಳಿಗೆ ಹುಷಾರಿಲ್ಲ ಅಂದದ್ದು ಸುಳ್ಳು, ಹಾಗಂದರೆ ನೀವು ಇಲ್ಲ ಅನ್ನಲ್ಲ ಎಂದು ಗೊತ್ತಿತ್ತು, ಯಾರೂ ಕೇಳದಿದ್ದರೆ ನೀನೇ ಕೇಳಿಸು ಎಂದು ಕಲಿಸಿದ್ದು ಮ್ಯಾನೇಜರ್.

ಹಾಡಕ್ಕ ಕೇಳಿಸಿಕೊಂಡಳು. ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. ಪಟ್ಟಿ ಸುತ್ತಿದ ಕೈಯನ್ನೇ ನೋಡಿದಳು, ಅಂದು ಯಂತ್ರದ ಮುಂದೆ ನೋಡಿದಂತಲ್ಲ, ಈಗ ಅದು ತನ್ನದೇ ಎಂದು ಗೊತ್ತಾದವಳಂತೆ.

"ಹಾಗಾದ್ರೆ ಯಾರಿಗೋಸ್ಕರ ಹೋಯ್ತು ಇದು?"

ಎಲ್ಲದಕ್ಕೂ ಬಾಯಿ ಇದ್ದ ಕಿಡಿ ಭಾವನ ಕಡೆ ತಿರುಗಿದ. ಭಾವನೇ ಹೇಳಬೇಕಾಯಿತು.

"ಮೂರು ಜನರ ಸಂಬಳ ಉಳಿಸೋಕೆ."

"ಅಷ್ಟಕ್ಕೇನಾ?"

"ಅಷ್ಟಕ್ಕೇ."

ಅವಳು ಎಡಗೈಯಿಂದ ಮೊಣಕಾಲು ಊರಿ ಎದ್ದಳು. ಈಗಲೇ ಹೊರಡುವವಳಂತೆ ಮೊಳೆಗೆ ನೇತುಹಾಕಿದ್ದ ಚೀಲ ತೆಗೆದಳು. ವಿಚಾರಣೆ ಯಾವತ್ತು ಎಂದು ಕೇಳಿದಳು. ನಾಳೆ ಎಂದ ಕಿಡಿ.

"ಈಗ ನನ್ನ ಮುಂದೆ ಹೇಳಿದ್ದನ್ನ ಅಲ್ಲೂ ಹೇಳು ಮಗ. ಒಂದಕ್ಷರ ಕಡಿಮೆ ಮಾಡ್ಬೇಡ. ಆ ಮ್ಯಾನೇಜರ್ ನಿನ್ನ ದುರುಗುಟ್ಟಿ ನೋಡಿದ್ರೆ ನೀನು ನನ್ನ ಕಡೆ ನೋಡು. ನಾನು ಪಟ್ಟಿ ಬಿಚ್ಚಿಕೊಂಡು, ಈ ಕೈನ ಅವನ ಚಹಾದ ಪಕ್ಕದಲ್ಲಿ ಇಟ್ಕೊಂಡು ಕೂತಿರ್ತೀನಿ."